ಪಾಟಿ ಎಲ್ಲಿ?

ಮೊನ್ನೆ ಸಂಘದ ಹುಡುಗರು ಕಾಕಾರ ಪುಣ್ಯತಿಥಿಗೆ ಆರು-ನಾಲ್ಕರ ಫ್ಲೆಕ್ಸ್ ಆರ್ಡರ್ ಕೊಟ್ಟು ಹೋದರು. ಹೆಸರಿನ ಮೇಲೆ ‘ಸಮಾಜ ಸೇವಕರು’ ಅಂತ ಬರಬೇಕಂತೆ. ಹಿಂದೆ ಮೋಡ, ಜೋಡಿ ಪಾರಿವಾಳ. “ಅಣ್ಣಾ, ಅಂಗಿ ಕಿಸೆ ಮ್ಯಾಲೆ ಬಿಳೀ ಕಲೆ ಐತಲ್ಲ, ಅದಷ್ಟು ತಗದ್ ಬಿಡ್ರಿ” ಅಂದರು. ಸಿಸ್ಟಮ್ ಹ್ಯಾಂಗ್ ಆಗೇತಿ ಅಂತ ಸುಳ್ಳು ಹೇಳಿ ಕಳಿಸಿದೆ.

ನರಗುಂದದ ಕಾಕಾರ ಫೋಟೋ ಸ್ಟುಡಿಯೋದಲ್ಲಿ ಆಗ ಮಿಕ್ಸಿಂಗ್, ಡಿಸೈನಿಂಗ್, ಕೌಂಟರ್ ಎಲ್ಲ ನನ್ನ ತಲೆಮೇಲೆ. ಪಗಾರ ಹತ್ತನೇ ತಾರೀಕು ದಾಟಿದರೂ ಕೈಗೆ ಬರುತ್ತಿರಲಿಲ್ಲ. ಆದರೆ ಪಿಂಚಣಿ ಅರ್ಜಿಗೆ ಬಂದ ಮುದುಕರಿಗೆ ಪಾಸ್‌ಪೋರ್ಟ್ ಸೈಜ್ ಪುಕ್ಕಟೆ. ಪೇಪರಿಗೆ ಇಷ್ಟು, ಇಂಕಿಗೆ ಇಷ್ಟು ಅಂತ ನಾನು ಲೆಕ್ಕ ಒಪ್ಪಿಸಿದರೆ, “ನಿನ್ನ ಗಂಟೇನ್ ಹೊಂಟೈತಲೇ?” ಅನ್ನುತ್ತಿದ್ದರು ಕಾಕಾ.

2019ರ ಆಗಸ್ಟ್. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟರು, ಮಲಪ್ರಭೆ ಕೊಣ್ಣೂರಿಗೆ ನುಗ್ಗಿತು, ಹುಬ್ಬಳ್ಳಿ–ಸೊಲ್ಲಾಪುರ ರಸ್ತೆ ಬಂದ್. ಅತ್ತ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೂ ಹೊಳೆ ನಿಂತಿತ್ತು. ನೀರು ಇಳಿದದ್ದೇ ತಡ, ಕಾಕಾ ಟಿವಿಎಸ್ ಎಕ್ಸೆಲ್ ಗಾಡಿ ಹತ್ತಿ ಹೊಳೆದಂಡೆಯ ಊರುಗಳಿಗೆ ಹೊರಟರು. ಹೆಗಲಿಗೆ ಕ್ಯಾಮೆರಾ, ಬಗಲಲ್ಲಿ ಮಗಳ ಹಳೇ ಪಾಟಿ, ಕಿಸೆಯಲ್ಲಿ ಚಾಕ್‌ಪೀಸ್ ತುಂಡು. ಬಿದ್ದ ಮನೆ ಮುಂದೆ ಮನೆಯವರನ್ನು ನಿಲ್ಲಿಸಿ, ಹೆಸರು, ಮನೆ ನಂಬರು, ತಾರೀಕು ಬರೆದು ಪಾಟಿ ಅವರ ಕೈಗೆ ಕೊಟ್ಟು ಕ್ಲಿಕ್. 2009ರ ನೆರೆಯಲ್ಲಿ ಪಾಟಿ ಇರಲಿಲ್ಲ. ಯಾವ ಫೋಟೋ ಯಾರ ಮನೆಯದು ಅಂತ ಕೊನೆಗೆ ಮನೆಯವರಿಗೇ ಗುರುತು ಸಿಕ್ಕಿರಲಿಲ್ಲವಂತೆ. ಮೇಲ್ಮುದ್ದೆ ಮನೆ ಬಿದ್ದರೆ ಎಲ್ಲ ಒಂದೇ: ಮಣ್ಣಿನ ಗುಂಪಿ, ಅದರೊಳಗಿಂದ ಚಾಚಿದ ಜಂತಿ. ಇದನ್ನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಆ ಸಿಟ್ಟು ಇನ್ನೂ ಐತಿ.

ರಾತ್ರಿ ಕಾರ್ಡ್ ನನ್ನ ಕೈಗೆ ಬಂತು. ನಲವತ್ತೊಂದು ಮನೆ. ಪ್ರತಿ ಫ್ರೇಮಿನಲ್ಲೂ ಸೊಂಟದ ಹತ್ತಿರ ಆ ಪಾಟಿ, ಸೊಟ್ಟ ಅಕ್ಷರ. ಠಾಣೆಯಲ್ಲಿ ಕಳ್ಳರನ್ನು ನಿಲ್ಲಿಸಿ ತೆಗೆದ ಫೋಟೋ ಥರ ಕಂಡಿತು. ಮನೆ ಕಳಕೊಂಡವರನ್ನು ಹಿಂಗ್ಯಾಕೆ ತೋರಿಸಬೇಕು? ನನಗೂ ಸೇವೆಯ ಹುಕಿ ಬಂತು. ಎಲ್ಲದಕ್ಕೂ ಸೊಂಟದಿಂದ ಮೇಲಕ್ಕೆ ಕ್ರಾಪ್. ಸೇವ್ ಆಸ್ ಅಲ್ಲ, ಸೇವ್. ಮರುದಿನ ಕುಬಸದ ಆರ್ಡರ್ ಇತ್ತು, ಕಾರ್ಡ್ ಫಾರ್ಮ್ಯಾಟ್ ಹೊಡೆದು ಕ್ಯಾಮೆರಾಕ್ಕೆ ಹಾಕಿಟ್ಟೆ.

ಕುಬಸ ಮುಗಿಸಿ ಬಂದ ಕಾಕಾ ಪ್ರಿಂಟುಗಳನ್ನು ಒಂದೊಂದೇ ತಿರುವಿದರು.

“ಪಾಟಿ ಎಲ್ಲಿ?”

ಶಹಬ್ಬಾಸ್ ಸಿಗುತ್ತದೆ ಅಂತ ಕಾದಿದ್ದೆ, ನೋಡಿ. ವಿವರಿಸಿದೆ. ಬೈಯಲಿಲ್ಲ. “ಕಾರ್ಡ್?” ಅಂದರು. ಅದನ್ನೂ ಹೇಳಿದೆ. ಸ್ಟೂಲ್ ಎಳಕೊಂಡು ಕೂತರು.

“ಪ್ರಿಂಟಿನ ಹಿಂದ ಹೆಸರ ಬರದ್ರ ಆಗೂದಿಲ್ಲೇನ್ರಿ?”

“ಹಿಂದ ಯಾರ್ ಬೇಕಾದ್ರೂ ಬರೀತಾರ.”

ಮನೆ ‘ಎ’ ಪಟ್ಟಿಗೋ ‘ಬಿ’ಗೋ ‘ಸಿ’ಗೋ ಅನ್ನೋದರ ಮೇಲೆ ಎಲ್ಲ ನಿಂತಿತ್ತು, ಪೂರ್ತಿ ಬಿದ್ದದ್ದಕ್ಕೆ ಸರ್ಕಾರದ ಪರಿಹಾರ 5 ಲಕ್ಷ. ರಿಕವರಿ ಸಾಫ್ಟ್‌ವೇರ್ ಹಾಕಿದೆ. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಯುಪಿಎಸ್ ಕುಂಯ್‌ಗುಡುತ್ತಿತ್ತು. ಬ್ಯಾಟರಿ ಬದಲಿಸ್ರಿ ಅಂತ ವರ್ಷದಿಂದ ಬಡಕೊಂಡಿದ್ದೆ. ಪರ್ಸೆಂಟೇಜು ಹನ್ನೆರಡಕ್ಕೆ ಬಂದು ನಿಂತಿತು. ಕಾಕಾ ತರಿಸಿದ ಚಾ ಮೇಲೆ ಕೆನೆಗಟ್ಟಿತು. ಒಂದೊಂದು ಫೈಲ್ ತೆರೆದಾಗಲೂ ಅರ್ಧ ಬೂದಿ ಬಣ್ಣ, ಕಾಯಬೇಕು, ಆಮೇಲೆ ಪಾಟಿ ಕಂಡರೆ ಉಸಿರು. ಬೆಳಗಿನ ಜಾವಕ್ಕೆ ಮೂವತ್ನಾಲ್ಕು ಬಂದವು. ಉಳಿದ ಏಳು ಮನೆಗಳ ಜಾಗದಲ್ಲಿ ಹಸಿರು ಬಳೆ, ಆರತಿ ತಟ್ಟೆ, ಬಸುರಿಯ ನಗು.

ಈಗ ನನ್ನ ಅಂಗಡಿಯಲ್ಲಿ ಗಿರಾಕಿ ಆಲ್ಬಮ್ ಒಯ್ಯುವ ತನಕ ಕಾರ್ಡ್ ಫಾರ್ಮ್ಯಾಟ್ ಇಲ್ಲ. ಹುಡುಗರು ಗೊಣಗುತ್ತಾರೆ, ಗೊಣಗಲಿ.

ಬೆಳಕು ಹರಿಯುತ್ತಲೇ ಎಕ್ಸೆಲ್ ಹಿಂದೆ ನಾನು, ತೊಡೆ ಮೇಲೆ ಪಾಟಿ. ನಾಲ್ಕು ಮನೆ ಹಂಗೇ ಬಿದ್ದಿದ್ದವು. ಮೂರರ ಮಣ್ಣನ್ನು ಜೆಸಿಬಿ ಆಗಲೇ ಬಳಿದುಬಿಟ್ಟಿತ್ತು. ಕೊನೆಯದರಲ್ಲಿ ಒಬ್ಬ ಆಯಿ, ಬಾಗಿಲು ಇದ್ದ ಕಡೆ ಸಪಾಟು ನೆಲದ ಮೇಲೆ ನಿಂತಳು. ಪಾಟಿ ಕೇಳಿ ತಾನೇ ಕೈ ಚಾಚಿದಳು.

“ಕಾಕಾ, ಇದು ನಡೀತೈತೇನ್ರಿ?”

“ಗೊತ್ತಿಲ್ಲ. ನೀ ನಂಬರ್ ಸರಿಯಾಗಿ ಬರಿ.”