ಎಡಿನ್‌ಬರೋದಲ್ಲಿ ಬೀಗಿತಿಯ ತಾಯಿಬೇರು

ಸ್ಕಾಟ್ಲೆಂಡಿನ ಕೋಟೆ, ಸರೋವರಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನ್ನ ಮನಸ್ಸು ನಿಂತದ್ದು ಎಡಿನ್‌ಬರೋದ ಜನರಲ್ ರಿಜಿಸ್ಟರ್ ಹೌಸ್‌ನಲ್ಲಿ. ರಾಬರ್ಟ್ ಆಡಮ್ ವಿನ್ಯಾಸಗೊಳಿಸಿದ ಕಟ್ಟಡ, 1774ರಲ್ಲಿ ಅಡಿಗಲ್ಲು. ಹಿಂಬದಿಯ ಕಟ್ಟಡದ ಗುಮ್ಮಟದಡಿ ಸುತ್ತಲೂ ದಾಖಲೆ ಪುಸ್ತಕಗಳು: ಜನನಕ್ಕೆ ಕೆಂಪು ರಟ್ಟು, ಮರಣಕ್ಕೆ ಕಪ್ಪು, ಮದುವೆಗೆ ಹಸಿರು. ಓದುವುದು ಮಾತ್ರ ಕಂಪ್ಯೂಟರಿನಲ್ಲಿ, ಪುಟಗಳ ಚಿತ್ರಗಳನ್ನು.

ನನ್ನ ಸೊಸೆಯ ತಾಯಿ ಡಂಡೀ ಊರಿನವರು. ದುಡ್ಡು ಕಟ್ಟಿಸಿಕೊಳ್ಳುವ ಒಂದು ಜಾಲತಾಣ ಅವರ ಅಜ್ಜಿಯ ತಾಯಿ ಎಂದು ಬೇರೆ ಯಾರನ್ನೋ ಗಂಟುಹಾಕಿತ್ತು. ಪಾಪ, ಆ ಅಪರಿಚಿತೆಯ ಸಮಾಧಿಗೆ ಇವರು ವರ್ಷವರ್ಷವೂ ಹೂವಿಟ್ಟು ಬಂದಿದ್ದಾರೆ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಅಲ್ಲಿಯೂ ನಮ್ಮಂತೆಯೇ ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿಯಿತ್ತು, ಮೊದಲ ಮಗಳಿಗೆ ತಾಯಿಯ ತಾಯಿಯದು. ಹಾಗಾಗಿ ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹಲವರು. ಹುಡುಕಲು ಹೊರಟವರು ಹೆಸರು, ವಯಸ್ಸು ಹೊಂದಿತೆಂದು ನಂಬಬೇಡಿ. ವಧುವಿನ ತಾಯಿಯ ತವರಿನ ಅಡ್ಡಹೆಸರನ್ನು ತಾಳೆ ನೋಡಿ.

ಅದು ಅಲ್ಲಿ ಸಿಗುತ್ತದೆ ಎಂಬುದೇ ನನ್ನನ್ನು ಬೆರಗುಗೊಳಿಸಿದ್ದು. 1855ರ ಜನವರಿ 1ರಿಂದ ಸ್ಕಾಟ್ಲೆಂಡಿನಲ್ಲಿ ನೋಂದಣಿ ಕಡ್ಡಾಯವಾಯಿತು. ಮದುವೆಯ ದಾಖಲೆಯಲ್ಲಿ ವಧೂವರರಿಬ್ಬರ ತಂದೆಯರ ಹೆಸರು, ಕಸುಬಿನ ಜೊತೆಗೆ ತಾಯಂದಿರ ಹೆಸರು, ತವರಿನ ಅಡ್ಡಹೆಸರೂ ಇರುತ್ತವೆ. ಇಂಗ್ಲೆಂಡಿನ ಅಂದಿನ ದಾಖಲೆಗಳಲ್ಲಿ ತಂದೆಯರು ಮಾತ್ರ.

ಬೀಗಿತಿ ಹುಡುಕುತ್ತಿದ್ದ ಮದುವೆ 1880ರ ದಶಕದ್ದು. ವಧು ಸೆಣಬಿನ ಗಿರಣಿಯ ಯಂತ್ರಮಗ್ಗದಲ್ಲಿ ನೇಯುವವಳು. ಡಂಡೀ ಗಿರಣಿಗಳ ಸೆಣಬು ಬರುತ್ತಿದ್ದದ್ದು ಬಂಗಾಳದಿಂದ. ಅದನ್ನು ಓದಿ ನನಗೆ ಆ ಹುಡುಗಿ ದೂರದವಳೆನಿಸಲಿಲ್ಲ. ಆಕೆಯ ತಾಯಿಯ ಹೆಸರಿನ ಮುಂದೆ ‘ಮೃತೆ’ ಎಂದಿತ್ತು, ಕೆಳಗೆ ತವರಿನ ಹೆಸರು. ಬೀಗಿತಿ ಪರದೆಯ ಮೇಲೆ ಬೆರಳಿಟ್ಟು ಅದನ್ನು ಮತ್ತೆ ಮತ್ತೆ ಓದಿದರು.

“ನಿಮ್ಮಲ್ಲಿ ಇದನ್ನೆಲ್ಲ ಎಲ್ಲಿ ಬರೆದಿಡುತ್ತಾರೆ?” ಎಂದು ಕೇಳಿದರು.

“ನಮ್ಮ ಮನೆಯಲ್ಲಿ ಏಳು ತಲೆಮಾರಿನ ವಂಶವೃಕ್ಷವಿದೆ. ಬರೀ ಗಂಡಸರದು.”

“ಅವರನ್ನೆಲ್ಲ ಹೆತ್ತವರು?”

“ಬರೆದಿಲ್ಲ.”

ಅವರು ತಮ್ಮ ಪುಸ್ತಕದ ಹಾಳೆಯೊಂದನ್ನು ಹರಿದು, ಪೆನ್ಸಿಲ್ ಸಮೇತ ನನ್ನ ಮುಂದಿಟ್ಟರು. ನನ್ನ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರು ಬರೆದೆ. ಮುತ್ತಜ್ಜಿಯ ತವರೂರು ಗೊತ್ತಿತ್ತು, ಆಕೆಯ ತಾಯಿಯ ಹೆಸರು ಗೊತ್ತಿರಲಿಲ್ಲ. ಕೇಳಿ ತಿಳಿಯಲು ಊರಿನಲ್ಲಿ ಇನ್ನು ಉಳಿದಿರುವವರು ಸೋದರತ್ತೆಯೊಬ್ಬರೇ.

ಮುಂದಿನ ಕೊಂಡಿ ಕೈಕೊಟ್ಟಿತು. ಆ ನೇಕಾರ್ತಿಯ ತಂದೆತಾಯಿಯ ಮದುವೆ 1853ರದ್ದು. ಹಳೆಯ ಪ್ಯಾರಿಷ್ ಪುಸ್ತಕದಲ್ಲಿದ್ದದ್ದು ಚರ್ಚಿನಲ್ಲಿ ಮದುವೆಯ ಘೋಷಣೆಯಾದ ಒಂದೇ ಸಾಲು, ಹೆತ್ತವರ ಸುಳಿವಿಲ್ಲ. “ಇನ್ನೆರಡು ವರ್ಷ ತಡೆದಿದ್ದರೆ!” ಎಂದು ಬೀಗಿತಿ ಕೈ ಹಿಸುಕಿಕೊಂಡರು. 1855ರೊಂದೇ ವರ್ಷ ಹುಟ್ಟೂರು, ಹಿಂದಿನ ಮದುವೆಯ ಮಕ್ಕಳ ಲೆಕ್ಕವನ್ನೂ ಬರೆಸಿದ್ದರು. ಮರುವರ್ಷ ಅದನ್ನು ಕೈಬಿಟ್ಟರು. ಆದರೆ ಆ ತಾಯಿ ತೀರಿಕೊಂಡದ್ದು 1855ರ ನಂತರ, ಮರಣದ ದಾಖಲೆಯಲ್ಲೂ ತಂದೆತಾಯಿಯ ಹೆಸರು ಬರೆಯುತ್ತಿದ್ದರು. ಬೀಗಿತಿ ಕನ್ನಡಕ ಸರಿಪಡಿಸಿಕೊಂಡು ಮರಣದ ಸೂಚಿ ತೆರೆದರು.