ಅಳಸಬ್ಯಾಡ್ರಿ ಅಂದ್ರು ಡಾಕ್ಟರ್

ತಮ್ಮನ ಮಗಳಿಗೆ ಡೌನ್ ಸಿಂಡ್ರೋಮ್ ಇರುವುದು ಹುಟ್ಟಿದಾಗಿನಿಂದ ಗೊತ್ತು. ಈ ವಾರ ಮೋಯಾಮೋಯಾ ಅಂತ ಇನ್ನೊಂದು ಗಂಟುಬಿತ್ತು. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ತಲೆಬುರುಡೆಯ ಬುಡದಲ್ಲೇ ಸಪೂರಾಗುತ್ತ ಹೋಗುವ ಅಪರೂಪದ ಕಾಯಿಲೆ. ಡೌನ್ ಸಿಂಡ್ರೋಮ್ ಇರುವ, ಅಂದರೆ 21ನೇ ಕ್ರೋಮೋಸೋಮ್ ಒಂದು ಹೆಚ್ಚಿರುವ ಮಕ್ಕಳಲ್ಲಿ ಇದು ಉಳಿದವರಿಗಿಂತ ಜಾಸ್ತಿಯಂತೆ.

ಬಳೆ ಬೇಕೆಂದು ಹಟ ಹಿಡಿದು ಅಳುತ್ತಿದ್ದವಳ ಎಡಗೈಯಿಂದ ಬಿಸ್ಕೀಟು ಜಾರಿತು. ಬಲಗೈಯಿಂದ ಎಡಗೈ ಎತ್ತಿ, ಬಿಟ್ಟಳು. ಬಿತ್ತು. ಮತ್ತೆ ಎತ್ತಿದಳು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಹಿಂದೆಯೂ ಹೀಗಾದಾಗ ಓಣಿಯ ಡಾಕ್ಟರು, "ಇಂಥಾ ಮಕ್ಕಳಿಗೆ ಸ್ನಾಯು ಸಡ್ಲ ಇರ್ತಾವ್ರಿ" ಅಂದು ಟಾನಿಕ್ ಬರೆದಿದ್ದರು. ಸ್ನಾಯು ಸಡಿಲ ಇರುವುದು ನಿಜವೇ. ಆದರೆ ಒಂದೇ ಕೈ, ಅದೂ ಅತ್ತಾಗ ಮಾತ್ರ ಯಾಕೆ ಅಂತ ಆ ಪುಣ್ಯಾತ್ಮರು ಕೇಳಲಿಲ್ಲ.

ಎಂಆರ್‌ಐ ನೋಡಿದ ನರರೋಗದ ಡಾಕ್ಟರು ಮೊದಲು ಹೇಳಿದ್ದು, "ಈಕಿನ್ನ ಅಳಸಬ್ಯಾಡ್ರಿ."

ಅವ್ವ ಕೇಳಿದಳು: "ಅಳಲಾರದ ಕೂಸು ಎಲ್ಲಿ ಐತ್ರಿ, ಸಾಹೇಬ್ರ?"

ಅವರು ನಗಲಿಲ್ಲ. ಬಿಕ್ಕಿ ಅತ್ತರೆ ಉಸಿರಾಟ ಜೋರಾಗುತ್ತದೆ, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ನಾಳಗಳು ಇನ್ನಷ್ಟು ಬಿಗಿಯುತ್ತವೆ, ರಕ್ತ ಸಾಲದೆ ಕೈ ಸೋಲುತ್ತದೆ ಎಂದು ಬಿಡಿಸಿ ಹೇಳಿದರು. ದಿನಾ ಆಸ್ಪಿರಿನ್ ಕೊಡಬೇಕು, ಮೈಯಲ್ಲಿ ನೀರು ಕಡಿಮೆಯಾಗಬಾರದು. ಅದೂ ವಿಜಯಪುರದ ಈ ಬಿಸಿಲಿನಲ್ಲಿ!

ಅವ್ವನ ಆ ಮಾತು ವಾರವಿಡೀ ನನ್ನ ಕಿವಿಯಲ್ಲೇ ಇದೆ. ಯಾಕಂದರೆ ಈ ಹುಡುಗಿ ಅತ್ತಾಗ ಇಷ್ಟು ದಿನ ಬಂದವರೆಲ್ಲ "ಅಳ್ಳಿ ಬಿಡ್ರಿ, ಅದಕ್ಕೇನ ತಿಳೀತೈತಿ" ಅನ್ನುತ್ತಿದ್ದರು. ತನ್ನ ಮಗಳ ಹುಟ್ಟುಹಬ್ಬಕ್ಕೆ ಓಣಿಯನ್ನೆಲ್ಲ ಕರೆದು ಇವಳನ್ನು ಬಿಟ್ಟಿದ್ದ ಎದುರುಮನೆಯಾಕೆ ಈಗ ಬಾಗಿಲಲ್ಲಿ ಇಣುಕಿ "ಅಳಾಕತ್ತಾಳೇನ್ರಿ?" ಅಂತ ಗಾಬರಿಯಿಂದ ಕೇಳುತ್ತಾಳೆ. ಇವಳಿಗೂ ಗುಟ್ಟು ತಿಳಿದುಹೋಗಿದೆ. ತುಟಿ ಒಂಚೂರು ನಡುಗಿಸಿದರೆ ಸಾಕು, ನಮ್ಮಪ್ಪ ಕ್ರಿಕೆಟ್ ಬಿಟ್ಟು ರಿಮೋಟ್ ಕೊಡುತ್ತಾನೆ. ತಿಳಿಯೋದಿಲ್ಲ ಅಂದವರು ಬಂದು ನೋಡಬೇಕು.

ಬೆಂಗಳೂರಿನಲ್ಲಿ ಆಪರೇಷನ್ ಅಂತೆ. ನೆತ್ತಿಯ ಚರ್ಮದ ರಕ್ತನಾಳವೊಂದನ್ನು ಮಿದುಳಿನ ಮೇಲ್ಮೈಗೆ ತಾಗಿಸಿಟ್ಟರೆ, ತಿಂಗಳುಗಟ್ಟಲೆ ಹಿಡಿದು ಅಲ್ಲಿಂದ ಹೊಸ ನಾಳಗಳು ಬೆಳೆಯುತ್ತವೆ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಗಿದೆ. ಅಲ್ಲಿನ ಡಾಕ್ಟರಿಗೆ ಅವ್ವನ ಪ್ರಶ್ನೆಯೂ ತಯಾರಿದೆ: "ಸೂಜಿ ಚುಚ್ಚೂಮುಂದ ಅಳ್ತಾಳಲ್ರಿ, ಆವಾಗ ನೀವೇನ ಮಾಡವ್ರು?"