ಲದ್ದಿ ಬಿಸಿಯಾಗಿತ್ತು, ನಾವು ವಾಪಸ್ ಬಂದೆವು

ಕಳೆದ ಜೂನ್ ಕೊನೆಯಲ್ಲಿ ಮಗಳನ್ನು ಕರೆದುಕೊಂಡು ಪಶ್ಚಿಮ ಘಟ್ಟದ ಬಿಸಿಲೆ ಕಾಡಿನ ಕಡೆಯ ಒಂದು ಊರಿಗೆ ಹೋಗಿದ್ದೆ. ಎರಡು ರಾತ್ರಿ ಉಳಿದೆವು. ಊರಿನ ಹೆಸರು ಬರೆಯುತ್ತಿಲ್ಲ, ಉಳಿದುಕೊಂಡ ಮನೆಯವರೇ ಬೇಡ ಅಂದರು. "ಹದಿನೈದು ಮನೆ ಇರೋ ಊರು ಅಕ್ಕ. ಒಂದೇ ಸಲ ನಲವತ್ತು ಕಾರು ಬಂದ್ರೆ ನಾವೆಲ್ಲಿಗೆ ಹೋಗೋದು?" ಎಂದರು ಆ ಮನೆಯ ಅಕ್ಕ. ಸಕಲೇಶಪುರದಿಂದ ಹೊರಟು, ವನಗೂರು ದಾಟಿ, ಘಾಟಿ ಇಳಿಯುವ ಮೊದಲು ಸಿಗುತ್ತದೆ. ಅಷ್ಟು ಸಾಕು.

ನಾನು ಹಾಸನದಲ್ಲಿ ಹೈಸ್ಕೂಲ್ ಮೇಡಂ. ಹದಿನೆಂಟು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಮಗಳು ಎಂಟನೇ ಕ್ಲಾಸು. ಸೋಮವಾರ ಒಂದು ರಜೆ ಹಾಕಿ, ಶನಿವಾರ ಮಧ್ಯಾಹ್ನ ಇಬ್ಬರೂ ಬಸ್ಸು ಹತ್ತಿದೆವು. ಕಾರು ತರಬಹುದಿತ್ತು. ಆದರೆ ಬಸ್ಸಿನಲ್ಲಿ ಹೋದರೆ ಆ ಕಡೆಯ ಜನರ ಮಾತು ಕಿವಿಗೆ ಬೀಳುತ್ತದೆ, ನನಗೆ ಅದು ಬೇಕು.

ಆ ದಿನ ಬಸ್ಸಿನ ತುಂಬ ಆನೆಯದ್ದೇ ಮಾತು. ಯಾವ ತೋಟದಲ್ಲಿ ಎಷ್ಟು ಇವೆ, ಮರಿ ಇದೆಯಾ, ಒಂಟಿ ಸಲಗವಾ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಯಸಳೂರಿನ ಕಡೆ ಕೈ ತೋರಿಸಿ "ಅರ್ಜುನ ಸತ್ತಿದ್ದು ಅಲ್ಲೇ ಕಣವ್ವ" ಎಂದರು. 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯುವ ಕೆಲಸಕ್ಕೆ ಬಂದಿದ್ದ ಅರ್ಜುನ, ಇನ್ನೊಂದು ಸಲಗದ ಜೊತೆಗಿನ ಕಾದಾಟದಲ್ಲಿ ಸತ್ತುಹೋದ. ಎಂಟು ಸಲ ಮೈಸೂರು ದಸರಾದ ಅಂಬಾರಿ ಹೊತ್ತಿದ್ದ ಆನೆ. ಅಜ್ಜಿ ಅದನ್ನು ಹೇಳುವಾಗ ಮನೆಯವರು ಯಾರೋ ಹೋದ ಹಾಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅದೇ ಅಜ್ಜಿಯ ಗದ್ದೆಯನ್ನು ಆನೆಗಳು ಎರಡು ವರ್ಷ ತುಳಿದು ಹಾಕಿವೆಯಂತೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ಊರು ಮುಟ್ಟುವಾಗ ಸಂಜೆ ಐದೂವರೆ. ಸಣ್ಣಗೆ ಮಳೆ. ಹೆಂಚಿನ ಮನೆ, ಮುಂದೆ ಕಾಫಿ ಒಣಗಿಸುವ ಕಣ, ಹಿಂದೆ ಒಂದು ಹಳ್ಳ. ಅಕ್ಕ ಬೆಲ್ಲದ ಕಾಫಿ ಕೊಟ್ಟರು. ರಾತ್ರಿ ಅಕ್ಕಿ ರೊಟ್ಟಿ, ಹಲಸಿನ ಬೀಜದ ಸಾರು. ಒಬ್ಬರಿಗೆ ದಿನಕ್ಕೆ 1,500 ರೂಪಾಯಿ, ಊಟ ತಿಂಡಿ ಎಲ್ಲ ಸೇರಿ. ಸ್ಪೀಕರ್ ಇಲ್ಲ, ಬೆಂಕಿ ಹಾಕಿ ಕುಣಿಯೋದು ಇಲ್ಲ, ಈಜುಕೊಳ ಇಲ್ಲ. ಫೋನ್ ಮಾಡಿದಾಗಲೇ ಇದನ್ನೆಲ್ಲ ಹೇಳಿಬಿಟ್ಟಿದ್ದರು. ಅದಕ್ಕೇ ನಾನು ಆ ಮನೆ ಆರಿಸಿದ್ದು.

ಕಾಲೇಜಿನಲ್ಲಿದ್ದಾಗ ನಾವು ಹಾಗೆ ಯೋಚನೆ ಮಾಡಿದವರಲ್ಲ. 2002ರಲ್ಲಿ ದೋಣಿಗಾಲ್‌ನಿಂದ ಎಡಕುಮೇರಿವರೆಗೆ ರೈಲು ಹಳಿ ಮೇಲೆ ನಡೆದಿದ್ದೆವು. ಆಗ ಬ್ರಾಡ್‌ಗೇಜ್ ಕೆಲಸ ನಡೆಯುತ್ತಿತ್ತು, ರೈಲು ಓಡುತ್ತಿರಲಿಲ್ಲ. ಸುರಂಗದೊಳಗೆ ಕಿರುಚಿದ್ದು, ಬಿಸ್ಕತ್ತಿನ ಕವರು ಅಲ್ಲೇ ಬಿಟ್ಟು ಬಂದದ್ದು ಇವತ್ತಿಗೂ ನೆನಪಾಗಿ ಬೇಜಾರಾಗುತ್ತದೆ. ಈಗ ಅಲ್ಲಿ ರೈಲು ಓಡುತ್ತದೆ, ಹಳಿ ಮೇಲೆ ನಡೆಯೋದು ಅಪರಾಧ. ಆದರೂ ವಿಡಿಯೋ ನೋಡಿ ಹುಡುಗರು ಹೋಗುತ್ತಾರೆ. ದಯವಿಟ್ಟು ಹೋಗಬೇಡಿ.

ಭಾನುವಾರ ಬೆಳಿಗ್ಗೆ ಆರೂವರೆಗೆ ಅಣ್ಣಯ್ಯ ಬಂದರು. ಅಕ್ಕನ ಮೈದುನ, ಅರವತ್ತರ ಹತ್ತಿರ ವಯಸ್ಸು. ಊರಲ್ಲಿ ಎಲ್ಲರೂ ಅವರನ್ನು ಅಣ್ಣಯ್ಯ ಅಂತಲೇ ಕರೆಯೋದು. ಮೀಸಲು ಅರಣ್ಯದೊಳಗೆ ಹೋಗೋಕೆ ಇಲಾಖೆಯ ಅನುಮತಿ ಬೇಕು. ಅದನ್ನು ಅವರು ಮೊದಲೇ ಮಾಡಿಸಿಟ್ಟಿದ್ದರು. ಪುಷ್ಪಗಿರಿ ಸಾಲು ಎದುರಿಗೆ ಕಾಣುವ ಒಂದು ಗುಡ್ಡಕ್ಕೆ ಹೋಗಿ ಬರೋದು ಅಂತ ಮಾತಾಗಿತ್ತು. ಮೋಡ ಬಿಟ್ಟರೆ 1,712 ಮೀಟರ್ ಎತ್ತರದ ಕುಮಾರ ಪರ್ವತ ಕಾಣುತ್ತದೆ ಅಂತ ಮಗಳು ರಾತ್ರಿಯೆಲ್ಲ ಕಾದಿದ್ದಳು.

ಹೊರಡುವ ಮುಂಚೆ ಅಣ್ಣಯ್ಯ ನಮ್ಮ ಕಾಲು ನೋಡಿದರು. ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ ಅಂತ ನಾನು ಒಂದು ಪೊಟ್ಟಣ ಉಪ್ಪು, ಒಂದು ಸ್ಪ್ರೇ ತಂದಿದ್ದೆ. "ಅದನ್ನ ಮನೇಲೇ ಇಡಿ ಅಕ್ಕ. ದಾರೀಲಿ ಮೂರು ಹಳ್ಳ ದಾಟ್ಬೇಕು. ಕಾಲಿಗೆ ಬಳ್ಕೊಂಡಿದ್ದೆಲ್ಲ ನೀರಿಗೆ ಹೋಗತ್ತೆ" ಎಂದರು. ನನಗೆ ಆಗ ಹೊಳೆಯಿತು. ಕಪ್ಪೆ ನೀರು ಕುಡಿಯೋದು ಚರ್ಮದಿಂದ, ಉಸಿರಾಡೋದೂ ಒಂದಿಷ್ಟು ಚರ್ಮದಿಂದಲೇ. ಪಾಠ ಮಾಡಿದ್ದೇನೆ, ಆದರೆ ನನ್ನ ಚೀಲದಲ್ಲಿದ್ದ ಸ್ಪ್ರೇಗೂ ಅದಕ್ಕೂ ಸಂಬಂಧ ಇದೆ ಅಂತ ಯೋಚಿಸಿರಲಿಲ್ಲ. ಮೊಣಕಾಲವರೆಗೆ ಬರುವ ದಪ್ಪ ಬಟ್ಟೆಯ ಕಾಲುಚೀಲ ಕೊಟ್ಟರು. ಹತ್ತಿದ ಇಂಬಳವನ್ನು ಉಗುರಿನಿಂದ ಸರಿಸಿದರೆ ಆಯಿತು. ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಏಕೆಂದರೆ ಅದರ ಜೊಲ್ಲಿನಲ್ಲಿರುವ ಒಂದು ಅಂಶ ರಕ್ತ ಹೆಪ್ಪುಗಟ್ಟೋಕೆ ಬಿಡುವುದಿಲ್ಲ. ಸುಮ್ನೆ ಹೆದರಬೇಕಾಗಿಲ್ಲ.

ಕಾಫಿ ತೋಟ ಮುಗಿದು ಕಾಡು ಶುರುವಾದ ಜಾಗ ಕಣ್ಣಿಗಿಂತ ಮೊದಲು ಮೈಗೆ ಗೊತ್ತಾಯಿತು. ಬೆಳಕು ಒಮ್ಮೆಲೇ ಕಡಿಮೆಯಾಯಿತು. ಮಳೆ ನಿಂತಿದ್ದರೂ ಎಲೆಗಳಿಂದ ಹನಿ ಬೀಳುತ್ತಲೇ ಇತ್ತು. ಧೂಪದ ಮರ, ರಾಂಪತ್ರೆ, ವಾಟೆ ಮೆಳೆ. ಅಣ್ಣಯ್ಯ ಮಾತಾಡಲಿಲ್ಲ, ಬೆರಳು ತೋರಿಸುತ್ತಿದ್ದರು. ಒಮ್ಮೆ ತಲೆ ಮೇಲೆ ಹಳೇ ಕಾಲದ ರೈಲು ಎಂಜಿನ್ ಬುಸುಗುಟ್ಟಿದಂತೆ ಸದ್ದಾಯಿತು. ದೊಡ್ಡ ಮಂಗಟ್ಟೆಯ ರೆಕ್ಕೆ ಸದ್ದು ಅದು. ಹಕ್ಕಿ ಕಾಣಲಿಲ್ಲ.

ಮುಕ್ಕಾಲು ಗಂಟೆ ನಡೆದಿರಬೇಕು. ಅಣ್ಣಯ್ಯ ನಿಂತರು. ದಾರಿಗೆ ಅಡ್ಡವಾಗಿ ಒಂದು ಬೈನೆ ಮರ ಬಿದ್ದಿತ್ತು, ಆನೆಗಳು ಸೀಳಿ ತಿರುಳು ತಿಂದಿದ್ದವು. ಅದರಾಚೆ ಲದ್ದಿ. ಅವರು ಬಗ್ಗಿ ಅಂಗೈ ಹಿಂಭಾಗವನ್ನು ಅದರ ಹತ್ತಿರ ಹಿಡಿದರು. ಆಮೇಲೆ ಎರಡು ನಿಮಿಷ ಕಿವಿಗೊಟ್ಟು ನಿಂತರು. ನನಗೆ ಏನೂ ಕೇಳಲಿಲ್ಲ. ತಿರುಗಿ, ಪಿಸುಮಾತಿನಲ್ಲಿ "ಬಿಸಿ ಇದೆ. ವಾಪಸ್ ಹೋಗಣ" ಎಂದರು. ಅಂದರೆ ಆನೆಗಳು ಹತ್ತಿರದಲ್ಲೇ ಇವೆ.

ಗುಡ್ಡ ಇನ್ನು ಒಂದೂವರೆ ಕಿಲೋಮೀಟರ್ ಇತ್ತು. ಮಗಳು ನನ್ನ ಮುಖ ನೋಡಿದಳು. ಬೇರೆ ದಾರಿ ಇದೆಯಾ ಅಂತ ಕೇಳಬೇಕು ಅನ್ನಿಸಿತು, ನಿಜ. ಕೇಳಲಿಲ್ಲ. ಬಂದ ದಾರಿಯಲ್ಲೇ ಸದ್ದಿಲ್ಲದೆ ಹೊರಟೆವು.

ತೋಟದ ಬೇಲಿ ದಾಟಿದ ಮೇಲೆ ಅಣ್ಣಯ್ಯ ಬಾಯಿ ಬಿಟ್ಟರು. ನಮ್ಮ ಜೀವದ ಭಯ ಒಂದು ಕಾರಣ ಅಷ್ಟೆ. ಇನ್ನೊಂದನ್ನು ನಾನು ಎಂದೂ ಯೋಚಿಸಿದ್ದಿಲ್ಲ. "ಈಗ ಹಲಸಿನ ಕಾಲ. ರಾತ್ರಿ ತೋಟಕ್ಕೆ ಬಂದು ಹಣ್ಣು ತಿಂತವೆ, ಬೆಳಗಾಗೋ ಹೊತ್ತಿಗೆ ಕಾಡು ಸೇರ್ತವೆ. ಹಗಲು ಅಲ್ಲಿ ನೆಮ್ಮದಿಯಾಗಿದ್ರೆ ನಾವು ಇಲ್ಲಿ ಕೆಲಸ ಮಾಡ್ಬೋದು. ಹೋದ ವರ್ಷ ಒಂದು ಗುಂಪು ಬಂದಿತ್ತು. ದುಡ್ಡು ಕೊಟ್ಟಿದೀವಿ, ಗುಡ್ಡ ಹತ್ತೇ ಹೋಗೋದು ಅಂತ ಹಟ ಹಿಡಿದ್ರು. ನಾನು ವಾಪಸ್ ಬಂದೆ, ಅವರು ಹೋದ್ರು. ಕೂಗಾಡಿದ್ದಕ್ಕೆ ಆನೆ ಬೆದರಿ ಹಗಲು ಹೊತ್ತಲ್ಲೇ ತೋಟಕ್ಕೆ ಇಳಿದ್ವು. ಮೂರು ದಿನ ಹೋಗ್ಲೇ ಇಲ್ಲ. ಅವರು ಸಂಜೆ ಕಾರು ಹತ್ತಿ ಹೋದ್ರು. ಮಾರನೇ ದಿನ ತೋಟಕ್ಕೆ ಹೋಗ್ಬೇಕಾಗಿದ್ದು ನಮ್ಮ ಹೆಂಗಸರು."

ಇಷ್ಟು ದೊಡ್ಡ ಮಾತನ್ನು ಅವರು ದನಿ ಏರಿಸದೆ ಹೇಳಿದರು. ಪರಿಸರ ಸ್ನೇಹಿ ಪ್ರವಾಸ ಅಂದಾಗ ನಾನು ಪ್ಲಾಸ್ಟಿಕ್ ಬಾಟಲಿವರೆಗೆ ಮಾತ್ರ ಯೋಚಿಸುತ್ತಿದ್ದೆ. ಸ್ಟೀಲ್ ಬಾಟಲಿ ತಂದರೆ ನಮ್ಮ ಕೆಲಸ ಮುಗಿಯಿತು ಅಂತ. ನಾವು ಕಾಡಿನಲ್ಲಿ ಮಾಡಿದ ಒಂದು ಸದ್ದು ಮಾರನೇ ದಿನ ಯಾರದ್ದೋ ಕೂಲಿ ತಪ್ಪಿಸಬಹುದು, ಯಾರದ್ದೋ ಜೀವಕ್ಕೇ ಬರಬಹುದು ಅನ್ನೋದು ತಲೆಗೆ ಹೋಗಿರಲಿಲ್ಲ.

ಮನೆಗೆ ಬಂದ ಮೇಲೆ ಅಣ್ಣಯ್ಯನವರಿಗೆ ಹಣ ಕೊಡಲು ಹೋದರೆ "ಗುಡ್ಡ ಹತ್ಲೇ ಇಲ್ವಲ್ಲ ಅಕ್ಕ, ಅರ್ಧ ಸಾಕು" ಎಂದರು. ಪೂರ್ತಿ ತೆಗೆದುಕೊಳ್ಳಬೇಕು ಅಂತ ನಾನು ಗಟ್ಟಿಯಾಗಿಯೇ ಹೇಳಿದೆ. ಹತ್ತಿಸಿದ್ದಕ್ಕಿಂತ ಹತ್ತಿಸದೆ ಕರೆದು ತಂದದ್ದಕ್ಕೆ ಜಾಸ್ತಿ ಕೊಡಬೇಕು. ಅರ್ಧ ದಾರಿಯಲ್ಲಿ ತಿರುಗಿದರೆ ಅರ್ಧ ಕೂಲಿ ಅಂತಾದರೆ ನಾಳೆ ಯಾವ ಗೈಡ್ ತಿರುಗುತ್ತಾರೆ, ಹೇಳಿ?

ಮಧ್ಯಾಹ್ನವಿಡೀ ಮಗಳು ಬೇಸರದಲ್ಲಿದ್ದಳು. ರಾತ್ರಿ ಎಂಟಕ್ಕೆ ಅಕ್ಕ "ಬಾ ಪುಟ್ಟಿ, ಹಿಂದಿನ ಹಳ್ಳ ತೋರಿಸ್ತೀನಿ" ಅಂತ ಕರೆದರು. ಬೆಳಕು ಮಂದವಾಗಲಿ ಅಂತ ಟಾರ್ಚಿಗೆ ತೆಳು ಬಿಳಿ ಕಾಗದ ಸುತ್ತಿದ್ದರು. ಮುಟ್ಟಬಾರದು, ಫ್ಲ್ಯಾಶ್ ಹಾಕಬಾರದು, ಕಲ್ಲು ಎತ್ತಬಾರದು, ಇಷ್ಟೇ ಕಟ್ಟಳೆ. ಮನೆಯಿಂದ ಐವತ್ತು ಹೆಜ್ಜೆ ಇರಬಹುದು. ಅಲ್ಲಿ ನಾವು ಎರಡು ಗಂಟೆ ಕೂತೆವು.

ಮೊದಲು ಎಲ್ಲ ಒಂದೇ ಗಲಾಟೆ. ಸ್ವಲ್ಪ ಹೊತ್ತಿನ ಮೇಲೆ ದನಿಗಳು ಬೇರೆ ಬೇರೆಯಾಗಿ ಕೇಳತೊಡಗಿದವು. ಒಂದು ಟಿಕ್ ಟಿಕ್, ಒಂದು ಮರ ಕುಟ್ಟಿದಂತೆ, ಇನ್ನೊಂದು ನೀರಿನ ಬುರುಗು ಒಡೆದಂತೆ. ಮಗಳು ಏಳು ಬೇರೆ ದನಿ ಎಣಿಸಿದಳು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಮುದ್ದೆ. ಹಾರುವ ಕಪ್ಪೆಯ ಗೂಡು. ಹೆಣ್ಣು ಹಿಂಗಾಲಿನಿಂದ ಕಡೆದು ನೊರೆ ಎಬ್ಬಿಸಿ ಅದರೊಳಗೆ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಗೊದಮೊಟ್ಟೆಗಳು ನೇರ ನೀರಿಗೆ ಬೀಳುತ್ತವೆ. ಅದಕ್ಕೇ ಸರಿಯಾಗಿ ನೀರಿನ ಮೇಲೆಯೇ ಗೂಡು. ಹತ್ತಿರದ ಎಲೆಯ ಮೇಲೆ ಅದರ ಒಡೆಯ ಕೂತಿದ್ದ. ಎಲೆಯಷ್ಟೇ ಹಸಿರು, ಬೆರಳುಗಳ ನಡುವಿನ ಜಾಲ ಮಾತ್ರ ಕುಂಕುಮದ ಕೆಂಪು.

ಆಮೇಲೆ ಅಕ್ಕ ಒಂದು ಎಲೆ ಕಡೆ ಬೆಳಕು ತಿರುಗಿಸಿದರು. ಉಗುರಿನಷ್ಟು ಪುಟ್ಟ ಪೊದೆಗಪ್ಪೆ. ಮೈಗಿಂತ ದೊಡ್ಡದಾಗಿ ಗಂಟಲು ಉಬ್ಬಿಸಿ ಕೂಗುತ್ತಿತ್ತು. ಈ ಜಾತಿಯವುಗಳಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಳಗೇ ಬೆಳೆದು, ಪುಟಾಣಿ ಕಪ್ಪೆಯಾಗಿಯೇ ಹೊರಗೆ ಬರುತ್ತವೆ. ಹದಿನೆಂಟು ವರ್ಷ ನಾನು ಬೋರ್ಡಿನ ಮೇಲೆ ಮೊಟ್ಟೆ, ಗೊದಮೊಟ್ಟೆ, ಕಪ್ಪೆ ಅಂತ ಬಾಣದ ಗುರುತು ಹಾಕುತ್ತಾ ಬಂದಿದ್ದೇನೆ. ಮನೆಯಿಂದ ನೂರು ಕಿಲೋಮೀಟರ್ ಒಳಗೆ ಆ ಬಾಣ ಇಲ್ಲದ ಕಪ್ಪೆ ಕೂತಿದೆ. ನನಗೆ ಗಂಟಲು ಕಟ್ಟಿತು. ಮಗಳು ಗುಡ್ಡದ ಸುದ್ದಿ ಎತ್ತಲೇ ಇಲ್ಲ.

ಬಿಸಿಲೆಯ ಬೆಟ್ಟಸಾಲಿನ ನೆತ್ತಿಯಲ್ಲಿ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಪಡುವಣಕ್ಕೆ ಇಳಿದದ್ದು ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಅರಬ್ಬಿ ಸಮುದ್ರಕ್ಕೆ. ಮೂಡಣಕ್ಕೆ ಇಳಿದದ್ದು ಹೇಮಾವತಿ, ಕಾವೇರಿ, ಬಂಗಾಳ ಕೊಲ್ಲಿ. ಹಿಂದಿನ ಹಳ್ಳ ಯಾವ ಕಡೆಯದು ಅಂತ ಕೇಳಿದೆ. "ನಿಮ್ಮ ಕಡೆದೇ" ಎಂದರು ಅಕ್ಕ. ಅಂದರೆ ಗೊರೂರು ಅಣೆಕಟ್ಟೆಗೆ ಬರುವ ನೀರು, ಹಾಸನದ ನಲ್ಲಿಯಲ್ಲಿ ನಾವು ಹಿಡಿಯುವ ನೀರು. ಆ ಉಪ್ಪು, ಸ್ಪ್ರೇ ಮತ್ತೆ ನೆನಪಾಯಿತು.

ಹೋಗಬೇಕು ಅನ್ನೋರಿಗೆ ಒಂದೆರಡು ಮಾತು. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿತು. ಅರಣ್ಯ ವಿಹಾರ ಅನ್ನೋ ಜಾಲತಾಣದಲ್ಲಿ ಬುಕ್ ಮಾಡಬೇಕು. ಚಿಕ್ಕಮಗಳೂರು, ಕುದುರೆಮುಖ ಕಡೆಯ ದಾರಿಗಳೂ ಅಲ್ಲಿವೆ. ಟಿಕೆಟ್ ಸಿಗಲಿಲ್ಲ ಅಂತ ಕಳ್ಳದಾರಿ ತೋರಿಸುವವರ ಹಿಂದೆ ಹೋಗಬೇಡಿ. ಊರಿನವರ ಮನೆಯಲ್ಲೇ ಉಳಿಯಿರಿ, ಊರಿನವರನ್ನೇ ಗೈಡ್ ಮಾಡಿಕೊಳ್ಳಿ, ಹಣ ಅವರ ಕೈಗೇ ಕೊಡಿ. ಅವರು ತಿರುಗಿ ಅಂದರೆ ತಿರುಗಿ.

ಸೋಮವಾರ ಬೆಳಿಗ್ಗೆ ಏಳೂವರೆ ಬಸ್ಸು. ರಾತ್ರಿ ಆನೆಗಳು ಬಂದು ಹೋಗಿದ್ದವು. ಮನೆಯಿಂದ ಕೂಗಳತೆಯಲ್ಲಿದ್ದ ಹಲಸಿನ ಮರದ ಕೆಳಗೆ ತೊಳೆ, ಸಿಪ್ಪೆ ಚೆಲ್ಲಾಡಿತ್ತು. ನಮಗೆ ಸದ್ದೇ ಕೇಳಿರಲಿಲ್ಲ. ಬಸ್ಸು ಸ್ವಲ್ಪ ದೂರ ಬಂದಾಗ ಒಂದು ತೋಟದ ಗೇಟಿನ ಮುಂದೆ ಹತ್ತು ಹನ್ನೆರಡು ಹೆಂಗಸರು ನಿಂತಿದ್ದರು. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಕತ್ತಿ, ಬುತ್ತಿ ಚೀಲ. ಆನೆ ಪೂರ್ತಿ ಕಾಡು ಸೇರಿವೆ ಅಂತ ವಾಚರ್ ಬಂದು ಹೇಳಲಿ ಅಂತ ಕಾಯುತ್ತಿದ್ದಾರೆ ಎಂದರು ಕಂಡಕ್ಟರ್. ಅವರಲ್ಲಿ ನಮ್ಮ ಮನೆಯ ಅಕ್ಕನ ಸೊಸೆಯೂ ಇದ್ದಳು. ಬೆಳಿಗ್ಗೆ ನಮಗೆ ಕಡುಬು ಬಡಿಸಿ ಬಂದವಳು. ಮಗಳು ಕಿಟಕಿಯಿಂದ ಕೈ ಬೀಸಿದಳು. ಅವಳೂ ಕತ್ತಿ ಹಿಡಿದ ಕೈಯನ್ನೇ ಎತ್ತಿದಳು, ಮತ್ತೆ ತೋಟದ ಕಡೆ ತಿರುಗಿ ನಿಂತಳು.